ಉದ್ದ ಸರಿ ಇದ್ದರೆ ಸಾಲದು

ಎಂಜಿನ್ನಿನ ವಾಲ್ವನ್ನು ಮತ್ತೆ ಮುಚ್ಚಿಸುವ ವಾಲ್ವ್ ಸ್ಪ್ರಿಂಗಿನ ಉದ್ದ ವರ್ನಿಯರ್ ಅನ್ನೋ ಅಳತೆಯ ಉಪಕರಣದಲ್ಲಿ ಸರಿ ಬಂದರೆ ಸಾಕು ಅಂತ ಬರೆದಿದ್ದೀರಿ. ಅಷ್ಟು ಸಾಲದು. ಪೂರ್ತಿ ಒತ್ತಿದಾಗ ಸುರುಳಿಗೆ ಸುರುಳಿ ಎಲ್ಲಿ ತಾಗುತ್ತದೆ ಅನ್ನೋದೂ ಮುಖ್ಯ ಅಲ್ವಾ? ನಾನು ಬೆಂಚ್ ವೈಸ್‌ನಲ್ಲಿ ಹಿಡಿದು, ನಿಧಾನ ಬಿಗಿ ಮಾಡಿ ಅಳೆಯುತ್ತೇನೆ. ಕೂರಿಸಿದಾಗ ಎತ್ತರ 33 ಮಿ.ಮೀ., ತೆರೆಯುವಾಗ ವಾಲ್ವ್ ಇಳಿಯುವುದು 8 ಅಂದರೆ ಉಳಿಯೋದು 25. ಸುರುಳಿಗಳು 24.5ಕ್ಕೇ ತಾಗಿದರೆ ನಡುವೆ ಉಳಿಯೋದು ಅರ್ಧ ಮಿ.ಮೀ. ಮಾತ್ರ, ಅಪಾಯ. ಒಂದು ಮಿ.ಮೀ.ಗಿಂತ ಜಾಸ್ತಿ ಜಾಗ ಬೇಕೇ ಬೇಕು. ಹಾಂ, ಜಾರಿದರೆ ಸ್ಪ್ರಿಂಗ್ ಮುಖಕ್ಕೇ ಹಾರುತ್ತದೆ, ಕನ್ನಡಕ ಮರೆಯಬೇಡಿ.

ಇನ್ನು ನಮ್ಮ ಕಾರವಾರದ ಉಪ್ಪುಗಾಳಿ. ಬೈತಖೋಲ ಬಂದರಿನಲ್ಲಿ ಮಳೆಗಾಲವಿಡೀ ಸುಮ್ನೆ ನಿಂತಿದ್ದ ದೋಣಿಯ ಎಂಜಿನ್ ಬಿಚ್ಚಿದ್ದೆ. ಸ್ಪ್ರಿಂಗ್ ಉದ್ದ ಸರಿಯಾಗೇ ಇತ್ತು. ಆದರೆ ಸುರುಳಿಯ ಒಳಬದಿಯಲ್ಲಿ ಸಾಸಿವೆ ಕಾಳಿನಷ್ಟು ತುಕ್ಕಿನ ಗುಳಿ. ಮುರಿಯೋದು ಅಂಥಲ್ಲೇ. ಅದನ್ನು ಯಾವ ವರ್ನಿಯರ್ ತೋರಿಸುತ್ತದೆ?