ತಲೆಬುರುಡೆ ಬಿಟ್ಟು ಫೋಟೊ ಕಡೆ ನೋಡಿ

ತುಂಬಾ ಸಿಟ್ಟು ಬಂದಿದೆ, ಬರೆದೇ ಬಿಡುತ್ತೇನೆ. ಶಿಕಾಗೋದ ಪಿಲ್ಸನ್‌ನಲ್ಲಿರುವ ನ್ಯಾಷನಲ್ ಮ್ಯೂಸಿಯಂ ಆಫ್ ಮೆಕ್ಸಿಕನ್ ಆರ್ಟ್‌ಗೆ ಹೋಗಿ ಈಗಷ್ಟೇ ಬಂದೆ. 'ದಿಯಾ ದೆ ಮುಯೆರ್ತೋಸ್', ಅಂದರೆ ಸತ್ತವರ ದಿನದ ಪ್ರದರ್ಶನ ಅಲ್ಲಿ 1987ರಲ್ಲಿ ಶುರುವಾಯಿತು. ಪ್ರದರ್ಶನ ಅದ್ಭುತವಾಗಿದೆ. ನನ್ನ ಸಿಟ್ಟು ನೋಡಲು ಬಂದವರ ಮೇಲೆ.

ಒಂದು ಒಫ್ರೆಂಡಾ ಮುಂದೆ ತುಂಬಾ ಹೊತ್ತು ನಿಂತಿದ್ದೆ. ತೀರಿಕೊಂಡವರಿಗಾಗಿ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸುವ ಪೀಠ ಅದು. ಮೇಲೆ ಅಜ್ಜಿಯೊಬ್ಬರ ಕಪ್ಪು-ಬಿಳುಪು ಫೋಟೊ, ಮೂಲೆ ಮಡಚಿಹೋಗಿದೆ. ಕೆಳಗೆ ಒಂದು ಲೋಟ ನೀರು, ಚಿಕ್ಕ ತಟ್ಟೆಯಲ್ಲಿ ಉಪ್ಪು, ಹಿಟ್ಟಿನಲ್ಲೇ ಮೂಳೆ ಮಾಡಿ ಮೇಲಿಟ್ಟು ಬೇಯಿಸಿದ 'ಪಾನ್ ದೆ ಮುಯೆರ್ತೋ' ಬ್ರೆಡ್. ಪಕ್ಕದಲ್ಲಿ ಅವರ ಕನ್ನಡಕ. ಅರ್ಧ ಹೆಣೆದ ಉಲ್ಲನ್, ಕಡ್ಡಿ ಇನ್ನೂ ಅದರಲ್ಲೇ ಸಿಕ್ಕಿಕೊಂಡಿದೆ. ಅಷ್ಟು ದೂರದಿಂದ ಬಂದವರಿಗೆ ಬಾಯಾರಿರುತ್ತದೆ ಅಂತ ನೀರು ಇಡುತ್ತಾರೆ.

ನಾನು ನಿಂತಷ್ಟು ಹೊತ್ತೂ ಜನ ಬರುತ್ತಲೇ ಇದ್ದರು. ಸಕ್ಕರೆ ತಲೆಬುರುಡೆಗಳ ಪಕ್ಕ ಮುಖ ತಂದು ಸೆಲ್ಫಿ ತೆಗೆದು ಹೊರಟರು. ಅಜ್ಜಿಯ ಹೆಸರು ಅಲ್ಲೇ ದಪ್ಪಕ್ಷರದಲ್ಲಿದೆ, ಒಬ್ಬರೂ ಓದಲಿಲ್ಲ. ನಮ್ಮ ಕನ್ನಡದವರೇ ಒಬ್ಬರು ಮಗುವಿಗೆ ಹೇಳಿದರು: "ಇದು ಮೆಕ್ಸಿಕೋದ ಹ್ಯಾಲೊವೀನ್ ಪುಟ್ಟಾ, ದೆವ್ವದ ಹಬ್ಬ."

ದೆವ್ವ ಎಲ್ಲಿಂದ ಬಂತು? ಯಾರನ್ನೂ ಹೆದರಿಸುವ ಹಬ್ಬ ಅಲ್ಲ ಇದು, ಸತ್ತವರನ್ನು ಮನೆಗೆ ಕರೆಯುವ ಹಬ್ಬ. ನವೆಂಬರ್ 1ಕ್ಕೆ ತೀರಿಹೋದ ಮಕ್ಕಳು, 2ಕ್ಕೆ ದೊಡ್ಡವರು ಬರುತ್ತಾರೆ ಅನ್ನುವುದು ನಂಬಿಕೆ. ದಾರಿ ತಪ್ಪದಿರಲಿ ಅಂತ ಚೆಂಡು ಹೂವು ಹಾಸುತ್ತಾರೆ, ಕೋಪಾಲ್ ಧೂಪ ಹಾಕುತ್ತಾರೆ. ಪಾಟ್ಸ್‌ಕ್ವಾರೊ ಸರೋವರದ ಊರುಗಳಲ್ಲಿ ಸಮಾಧಿಗಳ ಪಕ್ಕ ಮೇಣದ ಬತ್ತಿ ಹಚ್ಚಿಟ್ಟು ರಾತ್ರಿಯೆಲ್ಲ ಕೂರುತ್ತಾರೆ. ಅಂದಹಾಗೆ, ನಾವು ಆಯುಧಪೂಜೆಗೆ ಬೈಕಿಗೆ ಕಟ್ಟುವ ಚೆಂಡು ಹೂವಿನ ಮೂಲವೂ ಮೆಕ್ಸಿಕೋನೇ.

ಮಹಾಲಯ ಅಮಾವಾಸ್ಯೆಗೆ ಎಡೆ ಇಟ್ಟು ಬೆಳೆದವರಿಗೆ ಇದು ಅರ್ಥವಾಗದಿದ್ದರೆ ಇನ್ಯಾರಿಗೆ ಆಗಬೇಕು? ತಾತನಿಗೆ ಇಷ್ಟ ಅಂತ ಕೋಳಿ ಸಾರಿನ ಪಕ್ಕ ಬೀಡಿ ಕಟ್ಟು ಇಡುವ ಮನೆಗಳು ನಮ್ಮಲ್ಲಿಲ್ವಾ? ಅವರೂ ಮೆಸ್ಕಾಲ್ ಅನ್ನುವ ಮದ್ಯ ಇಡುತ್ತಾರೆ, ಸಿಗರೇಟು ಇಡುತ್ತಾರೆ.

"ಹಬ್ಬ ಅಂದಮೇಲೆ ಬದಲಾಗುತ್ತೆ, ಜನ ಖುಷಿಪಡಲಿ ಬಿಡಿ" ಅಂತ ಹೇಳುವವರಿದ್ದಾರೆ. ಬದಲಾಗುತ್ತೆ, ಒಪ್ಪುತ್ತೇನೆ. ಮೆಕ್ಸಿಕೋ ಸಿಟಿಯ ದೊಡ್ಡ ಮೆರವಣಿಗೆ ಶುರುವಾಗಿದ್ದೇ 2016ರಲ್ಲಿ, ಅದೂ ಹಿಂದಿನ ವರ್ಷದ ಜೇಮ್ಸ್ ಬಾಂಡ್ ಸಿನಿಮಾದ ಪ್ರಭಾವದಿಂದ. ಎಲ್ಲರೂ ಮುಖಕ್ಕೆ ಬಳಿದುಕೊಳ್ಳುವ ಕತ್ರೀನಾ, ಅಂದರೆ ಟೋಪಿ ತೊಟ್ಟ ಅಸ್ಥಿಪಂಜರದ ಹೆಂಗಸು, ಕೂಡ ಪೊಸಾದ ಎಂಬ ಕಲಾವಿದ, ಇಲ್ಲದ ದೊಡ್ಡಸ್ತಿಕೆ ತೋರಿಸುವವರನ್ನು ಗೇಲಿ ಮಾಡಲು ಕೆತ್ತಿದ ಚಿತ್ರ. ಅದಕ್ಕೆ ಉದ್ದನೆಯ ಉಡುಪು ತೊಡಿಸಿದ್ದು ದಿಯೆಗೊ ರಿವೆರಾ, 1947ರ ಭಿತ್ತಿಚಿತ್ರದಲ್ಲಿ. ಇದೆಲ್ಲ ಸರಿ. ಬೀದಿಯ ಮೆರವಣಿಗೆಯಲ್ಲಿ ಕುಣಿಯಿರಿ, ಯಾರು ಬೇಡ ಅಂದರು? ಒಫ್ರೆಂಡಾ ಬೀದಿಯದ್ದಲ್ಲ. ಅದು ಯಾರದ್ದೋ ಮನೆಯವರು ಯಾರದ್ದೋ ಅಮ್ಮನಿಗೆ ಇಟ್ಟಿದ್ದು.

ಅಪ್ಪ ಹೋದಾಗ ವೀಸಾ ತೊಡಕಿನಿಂದ ನಾನು ಊರಿಗೆ ಹೋಗಲಾಗಲಿಲ್ಲ, ನಿಮ್ಮಲ್ಲಿ ಹಲವರಿಗೆ ಗೊತ್ತು. ಇಲ್ಲಿ ಅಡುಗೆಮನೆ ಕಟ್ಟೆಯ ಮೇಲೇ ಎಡೆ ಇಡುತ್ತೇನೆ. ಯಾರಾದರೂ ಮನೆಗೆ ಬಂದು, ಅಪ್ಪನ ಕಡೆ ತಿರುಗಿಯೂ ನೋಡದೆ ಎಲೆಯ ಮೇಲಿನ ಕಜ್ಜಾಯದ ಫೋಟೊ ತೆಗೆದುಕೊಂಡು ಹೋದರೆ ನನಗೆ ಹೇಗಾಗಬೇಡ? ಆ ಅಜ್ಜಿಯ ಮಕ್ಕಳೂ ಬಂದು ನೋಡುತ್ತಿರಬಹುದು ಅಲ್ವಾ.

ಶಿಕಾಗೋ ಕಡೆ ಇರುವವರು ಖಂಡಿತ ಹೋಗಿ, ಪ್ರವೇಶ ಉಚಿತ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಮೊದಲು ಫೋಟೊದಲ್ಲಿರುವವರ ಹೆಸರು ಓದಿ ಹೇಳಿ, ಅವರಿಗೆ ಏನು ಇಷ್ಟ ಅಂತ ಅಲ್ಲಿಟ್ಟ ಸಾಮಾನು ತೋರಿಸಿ. ಸೆಲ್ಫಿ ಆಮೇಲೆ ತೆಗೆಯಿರಿ.