ಕಾರಿನ ಅಡಿ ಕವರ್, ಅಮ್ಮನ ಕೆಂಪು ಕೊಡ

ಮಾರ್ಚ್ ತಿಂಗಳು. ನಾವಿರುವ ಮಿಶಿಗನ್‌ನಲ್ಲಿ ಹಿಮ ಕರಗಿ ರಸ್ತೆ ತುಂಬ ಗುಂಡಿ ಬೀಳುವ ಕಾಲ. ಬೆಳಿಗ್ಗೆ ಕೆಲಸಕ್ಕೆ ಹೊರಟು ಹೆದ್ದಾರಿ ಸೇರಿದ ಕೂಡಲೇ ಕಾರಿನ ಕೆಳಗಿಂದ ಬರ್ರ್ ಅಂತ ಸದ್ದು ಶುರುವಾಯಿತು. ವೇಗ ಇಳಿಸಿದರೆ ನಿಲ್ಲುತ್ತದೆ, ಏರಿಸಿದರೆ ಮತ್ತೆ ಬರುತ್ತದೆ. ಮುಂದಿನ ಎಕ್ಸಿಟ್‌ನಲ್ಲಿ ಇಳಿದು, ಒಂದು ಅಂಗಡಿಯ ಮುಂದೆ ನಿಲ್ಲಿಸಿ ಬಗ್ಗಿ ನೋಡಿದೆ. ಎಂಜಿನ್ ಅಡಿಯ ಕಪ್ಪು ಪ್ಲಾಸ್ಟಿಕ್ ಕವರ್ ಒಂದು ಮಗ್ಗುಲಲ್ಲಿ ಕಿತ್ತುಬಂದು ನೇತಾಡುತ್ತಿತ್ತು. ಮುಂದಿನ ಅಂಚು ರಸ್ತೆಗೆ ಉಜ್ಜಿ ಉಜ್ಜಿ ಬೆಳ್ಳಗಾಗಿತ್ತು. ನಡುವೆ ಒಂದು ಗೇಣು ಉದ್ದದ ಸೀಳು.

ನನ್ನದು 2012ರ ಟೊಯೋಟಾ ಪ್ರಿಯಸ್, ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿಯಿಂದಲೂ ಓಡುವ ಹೈಬ್ರಿಡ್ ಕಾರು. ಡಿಕ್ಕಿಯಲ್ಲಿದ್ದ ಕೇಬಲ್ ಟೈಗಳಿಂದ ಹೇಗೋ ಬಿಗಿದು ಮೆಲ್ಲಗೆ ಸರ್ವಿಸ್ ಸೆಂಟರಿಗೆ ಹೋದೆ. ಅವರು ಕಾರನ್ನು ಎತ್ತಿ ನೋಡಿದರು. ಕವರ್ ಪೂರ್ತಿ ಹೊಸದು ಹಾಕಬೇಕು, ಕೂಲಿ ಸೇರಿ 400 ಡಾಲರ್ ಹತ್ತಿರ ಆಗುತ್ತದೆ ಅಂದರು. ಈ ಸೀಳನ್ನೇ ಸೇರಿಸಲು ಆಗಲ್ವಾ ಅಂತ ಕೇಳಿದೆ. ಆ ಹುಡುಗನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಒರಟು ಮನುಷ್ಯನಲ್ಲ, ತುಂಬಾ ಮರ್ಯಾದೆಯಿಂದಲೇ ಮಾತಾಡಿದ. ಆದರೆ ಒಡೆದ ಪ್ಲಾಸ್ಟಿಕ್ಕನ್ನು ಸೇರಿಸುವುದು ಅವನು ಕಲಿತ ಕೆಲಸದಲ್ಲೇ ಇರಲಿಲ್ಲ. ಕಂಪ್ಯೂಟರಿನಲ್ಲಿ ಪಾರ್ಟ್ ನಂಬರ್ ಇದೆ, ಅದನ್ನು ತರಿಸಬೇಕು, ಅಷ್ಟೇ.

ಅದೇ ವಾರ ಬೆಂಗಳೂರಿನಿಂದ ಭಾವ ಫೋನ್ ಮಾಡಿದ್ದರು. ಅವರದೂ ಹೈಬ್ರಿಡ್ ಕಾರು, ಟೊಯೋಟಾದ ಬಿಡದಿ ಕಾರ್ಖಾನೆಯಲ್ಲೇ ತಯಾರಾದದ್ದು. ಗುರುತು ಹಾಕದ ಒಂದು ಹಂಪ್ ಮೇಲೆ ಹಾರಿ ಅವರ ಕಾರಿನ ಕವರೂ ಹರಿದಿತ್ತು. ಬಡಾವಣೆಯ ಮೆಕ್ಯಾನಿಕ್ ಏನಂದ ಗೊತ್ತಾ? "ಬಿಚ್ಚಿ ಬಿಸಾಕೋಣ ಬಿಡಿ ಸಾರ್. ಅದಿಲ್ದೆ ಇದ್ರೇನೂ ಆಗಲ್ಲ. ಎಂಜಿನ್‌ಗೂ ಗಾಳಿ ಚೆನ್ನಾಗಿ ಆಡುತ್ತೆ."

ಇಲ್ಲಿ ಹೊಸದೇ ಬೇಕು ಅನ್ನುತ್ತಾರೆ. ಅಲ್ಲಿ ಅದು ಬೇಕಾಗೇ ಇಲ್ಲ ಅನ್ನುತ್ತಾರೆ. ಎರಡೂ ಸರಿಯಲ್ಲ ಅಂತ ನನಗೆ ಅನಿಸುತ್ತದೆ. ಅದರಲ್ಲೂ ಭಾವನ ಮೆಕ್ಯಾನಿಕ್ ಹೇಳಿದ್ದು ಜಾಸ್ತಿ ತಪ್ಪು.

ಆ ಕವರ್ ಸುಮ್ನೆ ಅಂದಕ್ಕೆ ಹಾಕಿದ್ದಲ್ಲ. ಬಾನೆಟ್ ಎತ್ತಿದಾಗ ಕಾಣುವ ಮೇಲಿನ ಕವರ್ ಮುರಿದರೆ ಸದ್ದು ಸ್ವಲ್ಪ ಹೆಚ್ಚಬಹುದು, ನೋಡಲು ಚೆನ್ನಾಗಿರುವುದಿಲ್ಲ. ಕೆಳಗಿನದು ಹಾಗಲ್ಲ. ಕಾರಿನ ಅಡಿಯಲ್ಲಿ ಗಾಳಿ ತೊಡರದೆ ಹರಿಯಲಿ ಅಂತ ಅದನ್ನು ಕೂರಿಸಿದ್ದಾರೆ. ನನ್ನ ಕಾರಿನ ಪೀಳಿಗೆಗೆ ಗಾಳಿ ತಡೆಯ ಅಂಕ 0.25. ಈ ಅಂಕ ಕಮ್ಮಿಯಾದಷ್ಟೂ ಕಾರು ಗಾಳಿಯನ್ನು ಸಲೀಸಾಗಿ ಸೀಳಿಕೊಂಡು ಹೋಗುತ್ತದೆ. ಅಮೆರಿಕದ ಸರ್ಕಾರಿ ಲೆಕ್ಕದಲ್ಲಿ ಗ್ಯಾಲನ್‌ಗೆ 50 ಮೈಲಿ ಕೊಡುವ ಕಾರು ಇದು. ಮೈಲೇಜ್ ಸಿಗಲಿ ಅಂತಲೇ ಹೈಬ್ರಿಡ್ ಕೊಂಡು, ಆ ಮೈಲೇಜಿಗಾಗಿಯೇ ಹಾಕಿದ ಕವರನ್ನು ಕಿತ್ತು ಎಸೆಯುವುದು ಯಾವ ಲೆಕ್ಕ?

ಇನ್ನೂ ಒಂದು ವಿಷಯ ಇದೆ. ಹಳೆಯ ಕಾರುಗಳಲ್ಲಿ ಈ ಕವರ್ ನೀರಿನ ಪಂಪ್, ಏಸಿ ಇವನ್ನೆಲ್ಲ ತಿರುಗಿಸುವ ಎಂಜಿನ್ ಬೆಲ್ಟಿನ ಮೇಲೆ ನೀರು ಎರಚದಂತೆ ತಡೆಯುತ್ತದೆ ಅಂತ ಮೆಕ್ಯಾನಿಕ್‌ಗಳಿಗೆ ಗೊತ್ತು. ನನ್ನ ಪ್ರಿಯಸ್‌ನ ಎಂಜಿನ್‌ಗೆ ಹೊರಗೆ ಬೆಲ್ಟೇ ಇಲ್ಲ. ಹಾಗಾದರೆ ಕವರ್ ಯಾಕೆ ಬೇಕು ಅನಿಸಬಹುದು. ಆದರೆ ಬೆಲ್ಟ್ ಇಲ್ಲದ್ದರಿಂದಲೇ ನೀರಿನ ಪಂಪ್ ಕರೆಂಟಿನಲ್ಲಿ ಓಡುತ್ತದೆ, ಏಸಿ ಕಂಪ್ರೆಸರ್ ಕೂಡ ಕರೆಂಟಿನಲ್ಲೇ ಓಡುತ್ತದೆ. ಆ ಕಂಪ್ರೆಸರಿಗೆ ಬರುವುದು ಕಿತ್ತಳೆ ಬಣ್ಣದ ದಪ್ಪ ಕೇಬಲ್. ಕಾರಿನ ಹಿಂಭಾಗದಲ್ಲಿರುವ ಬ್ಯಾಟರಿಯ 201.6 ವೋಲ್ಟ್‌ಗೆ ಸೇರಿದ್ದು ಅದು. ಕನೆಕ್ಟರ್‌ಗಳನ್ನು ಭದ್ರವಾಗಿ ಮುಚ್ಚಿರುತ್ತಾರೆ, ಒಂದು ಮಳೆಗೆ ಏನೂ ಆಗುವುದಿಲ್ಲ, ಹೆದರಬೇಕಿಲ್ಲ. ಆದರೆ ಇಲ್ಲಿ ಚಳಿಗಾಲ ಪೂರ್ತಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ವರ್ಷಗಟ್ಟಲೆ ಎರಚುತ್ತಾ ಹೋದರೆ ಲೋಹ ಯಾವುದಾದರೇನು, ತುಕ್ಕು ತಿನ್ನದೆ ಬಿಡುವುದಿಲ್ಲ. ನಮ್ಮ ಕಡೆ ಉಪ್ಪಿನ ಬದಲು ಕೆಸರು, ಜಲ್ಲಿ, ಮಳೆಗಾಲದಲ್ಲಿ ಕೆರೆಯಂತಾಗುವ ಅಂಡರ್‌ಪಾಸ್.

ಭಾವನಿಗೆ ಇದನ್ನೆಲ್ಲ ಹೇಳಿದೆ. "ಬಿಸಾಕಿಸಬೇಡಿ ಭಾವ, ಮನೇಲಿ ಇಟ್ಕೊಳ್ಳಿ" ಅಂದೆ. ಫೋನ್ ಇಟ್ಟ ಮೇಲೆ ನನ್ನ ಕವರ್‌ಗೆ ಏನು ದಾರಿ ಅಂತ ಯೋಚಿಸುತ್ತಾ ಕೂತೆ. ಆಗ ನೆನಪಾದದ್ದು ಅಮ್ಮನ ಕೆಂಪು ಕೊಡ.

ನಾನು ಚಿಕ್ಕವನಿದ್ದಾಗ ಅರಸೀಕೆರೆಯಲ್ಲಿ ನಮ್ಮ ಬೀದಿಗೆ ಒಬ್ಬರು ಬರುತ್ತಿದ್ದರು. "ಕೊಡಾ ರಿಪೇರೀ, ಬಕೀಟ್ ರಿಪೇರೀ" ಅಂತ ಕೂಗು. ಸೈಕಲ್ ಹಿಂದೆ ಸಣ್ಣ ಇದ್ದಿಲ ಒಲೆ, ಚಪ್ಪಟೆ ಮೂತಿಯ ಎರಡು ಕಬ್ಬಿಣದ ಸಲಾಕೆ, ಒಂದು ಚೀಲ ತುಂಬ ಒಡಕು ಪ್ಲಾಸ್ಟಿಕ್. ಅಮ್ಮನ ಕೊಡದ ತಳ ಸೀಳಿತ್ತು. ಅವರು ಚೀಲ ಕೆದಕಿ ಕೆದಕಿ ಒಂದು ಚೂರು ಆರಿಸಿದರು. ಉಗುರಿನಿಂದ ಗೀರಿ ನೋಡಿದರು, ಸಲಾಕೆಗೆ ಮುಟ್ಟಿಸಿ ಹೊಗೆಯ ವಾಸನೆ ನೋಡಿದರು. ಆಮೇಲೆ ಕೊಡದ ಸೀಳಿನ ಎರಡೂ ಅಂಚನ್ನು ಕರಗಿಸಿ, ಆ ಚೂರನ್ನೂ ಕರಗಿಸಿ, ಮುದ್ದೆಯಂತೆ ಒತ್ತಿ ಸವರಿದರು.

"ನೀರು ನಿಲ್ಲುತ್ತೇನಪ್ಪಾ?" ಅಂದರು ಅಮ್ಮ.

"ನಿಲ್ಲುತ್ತೆ ಕಣ್ ತಾಯಿ. ಅದೇ ಜಾತಿ ಪ್ಲಾಸ್ಟಿಕ್ ಹಾಕಿದೀನಿ. ಬೇರೆದು ಹಾಕಿದ್ರೆ ಕಚ್ಚಲ್ಲ."

ಇಡೀ ವಿದ್ಯೆ ಆ ಒಂದು ಮಾತಿನಲ್ಲಿದೆ. ನನ್ನ ಕವರನ್ನು ಬಿಚ್ಚಿ, ತೊಳೆದು, ತಿರುಗಿಸಿ ನೋಡಿದೆ. ಮೂಲೆಯಲ್ಲಿ ಪಿಪಿ ಅಂತ ಅಚ್ಚಾಗಿತ್ತು. ಪಾಲಿಪ್ರೊಪಿಲೀನ್ ಅಂತ ಅರ್ಥ. ಕೆಲವು ಕವರ್‌ಗಳಲ್ಲಿ ಪಿಇ ಅಂತ ಇರುತ್ತದೆ, ಅದು ಪಾಲಿಎಥಿಲೀನ್. ಇವೆರಡಕ್ಕೂ ಮಾಮೂಲಿ ಅಂಟು ಹಿಡಿಯುವುದಿಲ್ಲ. ಎಷ್ಟು ಬಲವಾದ ಗಮ್ ತಂದರೂ ನಾಲ್ಕು ದಿನಕ್ಕೆ ಸಿಪ್ಪೆಯಂತೆ ಎದ್ದು ಬರುತ್ತದೆ. ಬಿಸಿ ಮಾಡಿ ಬೆಸೆಯಬೇಕು, ಅದೂ ಪಿಪಿಗೆ ಪಿಪಿಯನ್ನೇ.

ಪಿಪಿ ಎಲ್ಲಿ ಸಿಗುತ್ತದೆ? ಹೊರನಾಡಿನ ನಮ್ಮವರ ಮನೆಗಳಲ್ಲಿ ಮೊಸರಿನ ದೊಡ್ಡ ಡಬ್ಬಿ ಖಾಲಿಯಾದ ಮೇಲೂ ಕಸಕ್ಕೆ ಹೋಗುವುದಿಲ್ಲ, ಅಲ್ವಾ? ಅದರ ತಳ ತಿರುಗಿಸಿ ನೋಡಿ. ಬಹಳಷ್ಟು ಡಬ್ಬಿಗಳ ಮೇಲೆ ತ್ರಿಕೋನದೊಳಗೆ 5 ಅಂತ ಇರುತ್ತದೆ. ಅದೇ ಪಾಲಿಪ್ರೊಪಿಲೀನ್. ಒಂದು ಡಬ್ಬಿಯನ್ನು ಕತ್ತರಿಸಿ ಉದ್ದುದ್ದ ಪಟ್ಟಿ ಮಾಡಿಕೊಂಡೆ.

ಮೊದಲು ಸೀಳಿನ ಎರಡೂ ತುದಿಗೆ ಡ್ರಿಲ್‌ನಿಂದ ಒಂದೊಂದು ಸಣ್ಣ ತೂತು. ಹೀಗೆ ಮಾಡದಿದ್ದರೆ ಸೀಳು ಮುಂದೆ ಓಡುತ್ತಲೇ ಇರುತ್ತದೆ. ಆಮೇಲೆ ಸೋಲ್ಡರಿಂಗ್ ಐರನ್‌ನಿಂದ ಸೀಳಿನುದ್ದಕ್ಕೂ ಕಾಲುವೆಯಂತೆ ಕರಗಿಸಿ, ಸ್ಟೀಲ್ ಜಾಲರಿಯ ಒಂದು ಪಟ್ಟಿಯನ್ನು ಒಳಗೆ ಹುದುಗಿಸಿ, ಅದರ ಮೇಲೆ ಮೊಸರು ಡಬ್ಬಿಯ ಪಟ್ಟಿಗಳನ್ನು ಕರಗಿಸಿ ತುಂಬಿದೆ. ಗ್ಯಾರೇಜಿನ ಬಾಗಿಲು ತೆರೆದಿಟ್ಟೇ ಮಾಡಿದೆ, ಆ ಹೊಗೆ ಒಳ್ಳೆಯದಲ್ಲ. ಕಾವು ಜಾಸ್ತಿಯಾದರೆ ಪ್ಲಾಸ್ಟಿಕ್ ಕಂದಾಗಿ ಪುಡಿಯಾಗುತ್ತದೆ, ಕಮ್ಮಿಯಾದರೆ ಕಚ್ಚುವುದಿಲ್ಲ. ಮೊದಲ ಎರಡು ಅಂಗುಲ ಕೆಡಿಸಿದೆ, ಆಮೇಲೆ ಕೈ ಕೂತಿತು. ಕಪ್ಪು ಕವರ್ ಮೇಲೆ ಬಿಳೀ ಗೀಟು ಕಾಣುತ್ತದೆ. ಕಾರಿನ ಅಡಿಯಲ್ಲಿ ಯಾರು ನೋಡಬೇಕು?

ನನ್ನಂತೆ ಮಾಡಲು ಹೊರಡುವವರಿಗೆ ಒಂದು ಮಾತು, ಇದರಲ್ಲಿ ರಾಜಿ ಬೇಡ. ಹೈಬ್ರಿಡ್ ಕಾರು ನಿಂತಲ್ಲೇ ನಿಶ್ಶಬ್ದವಾಗಿ 'ರೆಡಿ'ಯಲ್ಲಿ ಇರಬಹುದು, ಎಂಜಿನ್ ತಾನಾಗಿಯೇ ಶುರುವಾಗಬಹುದು. ಪವರ್ ಪೂರ್ತಿ ಆಫ್ ಮಾಡಿ, ಕೀಯನ್ನು ಮನೆಯೊಳಗೆ ಇಟ್ಟು ಬನ್ನಿ. ಬರೀ ಜ್ಯಾಕ್ ನಂಬಿ ಕಾರಿನ ಕೆಳಗೆ ನುಗ್ಗಬೇಡಿ, ಗಟ್ಟಿ ಸ್ಟ್ಯಾಂಡ್ ಕೊಡಿ. ಕಿತ್ತಳೆ ಕೇಬಲ್ ಮುಟ್ಟಬೇಡಿ. ದಾರಿಯಲ್ಲಿ ಕವರ್ ಕಳಚಿದರೆ ಕೇಬಲ್ ಟೈ ಸಾಕು, ಆದರೆ ಸೈಲೆನ್ಸರ್ ಪೈಪಿಗೆ ತಾಗದಂತೆ ಕಟ್ಟಿ.

ಕವರ್ ಯಾಕೆ ಕಿತ್ತುಬಂತು ಅಂತಲೂ ನೋಡಿದೆ. ಗುಂಡಿ ಒಂದೇ ಕಾರಣವಲ್ಲ. ಚಳಿಗೆ ಪಿಪಿ ಬಿರುಸಾಗುತ್ತದೆ, ಅದೂ ಇದೆ. ಮೂಲ ಕಾರಣ ಬೇರೆ. ಈ ಕವರಿನಲ್ಲಿ ಆಯಿಲ್ ಬದಲಿಸಲು ಒಂದು ಸಣ್ಣ ಮುಚ್ಚಳ ಇದೆ, ಕ್ಲಿಪ್ ತೆಗೆದು ತೆರೆಯುವಂಥದ್ದು. ಆಯಿಲ್ ಬದಲಿಸಿದವರು ಯಾರೋ ಮುಚ್ಚಳದ ಕ್ಲಿಪ್ಪನ್ನೂ ಅಂಚಿನ ಎರಡು ಕ್ಲಿಪ್ಪನ್ನೂ ವಾಪಸ್ ಹಾಕಿರಲಿಲ್ಲ. ಆ ಸಂದಿಯಲ್ಲಿ ಗಾಳಿ ನುಗ್ಗಿ, ಮಂಜುಗಡ್ಡೆ ಸೇರಿ, ಉಳಿದದ್ದನ್ನೆಲ್ಲ ಎಳೆದು ಹಾಕಿದೆ. ಒಂದು ಕ್ಲಿಪ್ಪಿನ ಬೆಲೆ ಎಷ್ಟು? ಚಿಲ್ಲರೆ ಕಾಸು. ಅದನ್ನು ಹಾಕದೆ ಕಳಿಸಿದ್ದಕ್ಕೆ 400 ಡಾಲರಿನ ಕವರ್ ಹೋಯಿತು ಅಂದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಈಗ ಆಯಿಲ್ ಬದಲಿಸಿ ಬಂದ ದಿನವೇ ಬಗ್ಗಿ ಕ್ಲಿಪ್ ಎಣಿಸುತ್ತೇನೆ. ಎಲ್ಲಿದ್ದರೂ ಸರಿ, ನೀವೂ ಎಣಿಸಿ.

ಕೊಡ ಬೆಸೆಯುವವರು ನಮ್ಮೂರ ಬೀದಿಗೆ ಈಗ ಬರುವುದಿಲ್ಲ. ಆದರೆ ಆ ಕೈಕೆಲಸ ಹೋಗಿಲ್ಲ, ಕಾರಿನ ಬಂಪರ್ ರಿಪೇರಿ ಅಂಗಡಿಗಳಿಗೆ ಬಂದಿದೆ. ಭಾವ ತಮ್ಮ ಕವರನ್ನು ಅಂಥದೊಂದು ಅಂಗಡಿಗೆ ಒಯ್ದರು. ಅಲ್ಲಿನ ಹುಡುಗ ಅರ್ಧ ಗಂಟೆಯಲ್ಲಿ ಬೆಸೆದು ಕೊಟ್ಟನಂತೆ. ಫೋಟೋ ಕಳಿಸಿದ್ದರು. ನನ್ನದಕ್ಕಿಂತ ಎಷ್ಟೋ ಚೆನ್ನಾಗಿದೆ, ಹೊಲಿಗೆ ಹಾಕಿದಷ್ಟು ನೇರ. ಇಂಥ ಹುಡುಗ ಇಲ್ಲಿ ನನ್ನ ಊರಿನಲ್ಲಿ ಒಬ್ಬನಿದ್ದಿದ್ದರೆ ಅಂತ ಆಸೆಯಾಯಿತು. ಅವನಂಥವರು ಬೆಂಗಳೂರಿನಲ್ಲಿ ಇದ್ದೂ, 'ಬಿಚ್ಚಿ ಬಿಸಾಕಿ' ಅನ್ನುವ ಮಾತು ಯಾಕೆ ಮೊದಲು ಬರುತ್ತದೆ ಅಂತ ಬೇಸರವೂ ಆಯಿತು. ಕ್ಲಿಪ್‌ಗಳನ್ನು ಭಾವ ಜೆ.ಸಿ. ರಸ್ತೆಯಿಂದ ತಂದರು.

ಈ ಸಲ ಹಿಮ ಕರಗಿದ ಮೇಲೆ ಕಾರಿನ ಕೆಳಗೆ ಟಾರ್ಚ್ ಬಿಟ್ಟು ನೋಡಿದೆ. ಬಿಳೀ ಗೀಟು ಹಾಗೇ ಇದೆ, ಒಂದು ಕೂದಲಷ್ಟೂ ಬಿರುಕು ಬಿಟ್ಟಿಲ್ಲ. ಎಡಗಡೆ ಒಂದು ಕ್ಲಿಪ್ ಹೋಗಿತ್ತು, ಹೊಸದು ಒತ್ತಿದೆ. ಕ್ಲಿಪ್ಪಿನ ಡಬ್ಬಿಯಲ್ಲಿ ಇನ್ನೂ 17 ಇವೆ.