ಗೆರೆಯೇ ಕಾಣದ ಗೈಡು

ಕೇಂದ್ರ ಸರ್ಕಾರದ ನವೋದಯ ಶಾಲೆಗಳ ಪ್ರವೇಶ ಪರೀಕ್ಷೆಗೆ ಮಕ್ಕಳಿಗೆ ಹೇಳಿಕೊಡುವಾಗ ನನಗೆ ಸಿಟ್ಟು ಬರುವುದು ಮಕ್ಕಳ ಮೇಲಲ್ಲ, ಗೈಡುಗಳ ಮೇಲೆ. ಪರೀಕ್ಷೆಯಲ್ಲಿ ಒಟ್ಟು 80 ಪ್ರಶ್ನೆ, 100 ಅಂಕ. ಅದರಲ್ಲಿ 40 ಪ್ರಶ್ನೆ ಮಾನಸಿಕ ಸಾಮರ್ಥ್ಯದ್ದು, ಎಲ್ಲ ಚಿತ್ರಗಳೇ. ಕನ್ನಡಿ ಬಿಂಬ, ಮಡಚಿ ತೂತು ಹಾಕಿದ ಹಾಳೆ, ಒಳಗೆ ಅಡಗಿದ ಆಕೃತಿ. ಒಂದು ಚುಕ್ಕೆ ಅತ್ತಿತ್ತ ಆದರೂ ಉತ್ತರ ಬೇರೆ. ಅಂಥ ಚಿತ್ರಗಳನ್ನೇ ಮಸಿ ಹರಡಿದ ಹಾಗೆ ಅಚ್ಚು ಹಾಕುತ್ತಾರೆ!

ಉತ್ತರದ ಪಟ್ಟಿ ಇನ್ನೂ ಮೋಸ. ಮೊನ್ನೆ ನನ್ನ ಅಕ್ಕನ ಮಗಳು ಒಂದು ಲೆಕ್ಕವನ್ನು ಸರಿಯಾಗಿಯೇ ಮಾಡಿದ್ದಳು. ಹಿಂದಿನ ಪುಟ ನೋಡಿ ಅಳಿಸಿಬಿಟ್ಟಳು. "ಪುಸ್ತಕದಲ್ಲಿ ಬೇರೆ ಇದೆಯಲ್ಲ ಚಿಕ್ಕಮ್ಮಾ" ಅಂದಳು. ಐದನೇ ಕ್ಲಾಸಿನ ಮಗು ತನ್ನ ಲೆಕ್ಕಕ್ಕಿಂತ ಪುಸ್ತಕವನ್ನೇ ನಂಬುತ್ತದೆ, ಅಲ್ವಾ? ನನಗೆ ಹೊಟ್ಟೆ ಉರಿಯಿತು.

ಆರನೇ ತರಗತಿಗೆ ಸೇರಲು ಈ ಪರೀಕ್ಷೆ ಬರೆಯಲು ಸಿಗುವುದು ಒಂದೇ ಅವಕಾಶ. ಮುಂದಿನ ವರ್ಷ ನೋಡೋಣ ಅನ್ನುವ ಹಾಗಿಲ್ಲ. ಕನಿಷ್ಠ 75 ಪರ್ಸೆಂಟ್ ಸೀಟು ಹಳ್ಳಿ ಮಕ್ಕಳಿಗೇ ಮೀಸಲು. ಎಷ್ಟೋ ಹಳ್ಳಿಗಳಲ್ಲಿ ಕೋಚಿಂಗ್ ಇಲ್ಲ, ಮನೆಯಲ್ಲಿ ತಪ್ಪು ಹಿಡಿಯುವವರೂ ಇಲ್ಲ. ಅಲ್ಲಿ ಗೈಡೇ ಮೇಷ್ಟ್ರು. ಕೂಲಿ ದುಡ್ಡಿನಲ್ಲಿ ಅದನ್ನು ಕೊಂಡು ತರುತ್ತಾರೆ.

ಹೊಸ ವರ್ಷಕ್ಕೆ ಹೊಸ ರಕ್ಷಾಪುಟ, ಜಾಸ್ತಿ ಬೆಲೆ, ಒಳಗೆ ಅದೇ ತಪ್ಪು. ಅಚ್ಚಿಗೆ ಕಳಿಸುವ ಮೊದಲು ಒಬ್ಬ ಮೇಷ್ಟ್ರ ಕೈಗೆ ಕೊಟ್ಟು ಓದಿಸಿ, ಸ್ವಾಮಿ. ಅಷ್ಟು ಖರ್ಚು ಮಾಡುವುದಕ್ಕೂ ಆಗುವುದಿಲ್ಲವೇ?